ಆಫ್ರಿಕಾನರ್ ಜನಪದ ಕುಣಿತ ಕಲಿಯುವುದು ಹೇಗೆ: ಮೊದಲು ಬಾಯಿ, ಆಮೇಲೆ ಕಾಲು

ವಿಡಿಯೊ ನೋಡಿ ಹೆಜ್ಜೆ ಕಲಿತು ಬಂದವರು ಎರಡನೇ ಚರಣಕ್ಕೇ ಎಡವುತ್ತಾರೆ. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ಕಡೆಯ ಹಾಲ್‌ಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪಕ್ಕದ ಮನೆಯವರೋ ಆಫೀಸಿನವರೋ ಕರೆದರು ಅಂತ ನಮ್ಮ ಕನ್ನಡದವರು ಉತ್ಸಾಹದಿಂದ ಬರುತ್ತಾರೆ. ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಇರುತ್ತದೆ. ಆಮೇಲೆ ಸುತ್ತಲಿನ ಮೂವತ್ತು ಜನ ಒಟ್ಟಿಗೆ ಹಾಡಲು ಶುರು ಮಾಡುತ್ತಾರೆ, ವೃತ್ತ ಎರಡಾಗಿ ಒಡೆಯುತ್ತದೆ, ಯಾರೋ ಕೈ ಚಾಚುತ್ತಾರೆ. ಯಾವ ಕೈ ಕೊಡಬೇಕು ಅಂತ ಯೋಚಿಸುವಷ್ಟರಲ್ಲಿ ಮೆರವಣಿಗೆ ಮುಂದೆ ಹೋಗಿರುತ್ತದೆ.

ನನಗೂ ಹಾಗೇ ಆಗಿತ್ತು. ಎಡಗೈ ಕೊಡುವ ಕಡೆ ಬಲಗೈ ಕೊಟ್ಟು, ಇಬ್ಬರು ಅಜ್ಜಿಯರ ನಡುವೆ ಸಿಕ್ಕಿಕೊಂಡು, ಕೊನೆಗೆ ಬಂದ ದಾರಿಯಲ್ಲೇ ವಾಪಸ್ ನಡೆದಿದ್ದೆ. ಹೆಜ್ಜೆ ನನಗೆ ಗೊತ್ತಿತ್ತು. ಹಾಡು ಗೊತ್ತಿರಲಿಲ್ಲ. ಎಲ್ಲಿ ತಿರುಗಬೇಕು, ಎಲ್ಲಿ ಜೋಡಿ ಬಿಡಬೇಕು ಅನ್ನುವುದು ಇಲ್ಲಿ ಹಾಡಿನ ಸಾಲಿಗೆ ಅಂಟಿಕೊಂಡಿದೆ. ಅದಕ್ಕೇ ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಎಂಟನೇ ಹಂತದಲ್ಲಿ ಸೋಲುವವರಲ್ಲಿ ಹೆಚ್ಚಿನವರು ಮೂರನೆಯದನ್ನು ಹಾರಿಸಿ ಬಂದಿರುತ್ತಾರೆ.

ಹಂತ 1: ಯಾವ ಕುಣಿತಕ್ಕೆ ಕರೆದಿದ್ದಾರೆ, ಕೇಳಿಕೊಳ್ಳಿ

ಆಫ್ರಿಕಾನರ್ ಅಂದರೆ ಇಲ್ಲಿನ, ಹೆಚ್ಚಾಗಿ ಡಚ್ ಮೂಲದ ಬಿಳಿಯರು. ಅವರ ಭಾಷೆ ಆಫ್ರಿಕಾನ್ಸ್. ಆ ಭಾಷೆ ಮಾತಾಡುವವರು ‘ಕುಣಿಯೋಕೆ ಬನ್ನಿ’ ಅಂದರೆ ಅದು ಬೇರೆ ಬೇರೆ ಸಂಗತಿ ಆಗಿರಬಹುದು. ‘ಸೊಕ್ಕಿ’ ಅಂದರೆ ಜೋಡಿ ಕುಣಿತ. ಆ ಮಾತಿಗೆ ಕಾಲುಚೀಲ ಅಂತ ಅರ್ಥ. ‘ಲಾಂಗ್‌ಆರ್ಮ್’ ಅಂದರೂ ಜೋಡಿ ಕುಣಿತವೇ, ಕೈಯನ್ನು ಉದ್ದಕ್ಕೆ ಚಾಚಿ ಹಿಡಿಯುತ್ತಾರೆ. ಇವೆರಡರಲ್ಲೂ ಬ್ಯಾಂಡೋ ರೆಕಾರ್ಡೋ ಹಾಡುತ್ತದೆ, ನೀವು ಹಾಡಬೇಕಿಲ್ಲ.

ಈ ಬರಹ ಇರುವುದು ‘ಫೊಲ್ಕ್‌ಸ್ಪಿಯೆಲ’ ಬಗ್ಗೆ. ವೃತ್ತದಲ್ಲೋ ಸಾಲಿನಲ್ಲೋ ನಿಂತು, ಹಾಡಿಕೊಂಡು, ಗೊತ್ತಾದ ವಿನ್ಯಾಸದಲ್ಲಿ ಆಡುವ ಗುಂಪು ಕುಣಿತ ಇದು. ಕಾನ್ಸರ್ಟಿನಾ, ಅಕಾರ್ಡಿಯನ್ ಜೊತೆಗಿದ್ದರೂ ಕುಣಿಯುವವರು ಬಾಯಿ ಮುಚ್ಚಿಕೊಂಡು ಇರುವುದಿಲ್ಲ. ಇಂಥ ಗುಂಪಿಗೆ ‘ಲಾರ್’ ಅಂತಾರೆ. ಹಿಂದೆ ಎತ್ತಿನ ಗಾಡಿಗಳನ್ನು ಸುತ್ತ ನಿಲ್ಲಿಸಿ ಹಾಕುತ್ತಿದ್ದ ಬೀಡಿಗೂ ಅದೇ ಹೆಸರು.

ಇತಿಹಾಸ ಇಲ್ಲಿ ಬೇಡ. ಒಂದೇ ಮಾತು ಹೇಳಿ ಮುಗಿಸುತ್ತೇನೆ. ಫ್ರೀ ಸ್ಟೇಟ್‌ನ ಬೊಸ್‌ಹೋಫ್ ಊರಿನಲ್ಲಿ 1914ರಲ್ಲಿ ಇದನ್ನು ಶುರು ಮಾಡಿದ ಎಸ್. ಎಚ್. ಪೆಲ್ಲಿಸಿಯೆ ಸ್ವೀಡನ್‌ನ ಜನಪದ ಕುಣಿತ ನೋಡಿ ಬಂದವರು. ಹಾಗಾಗಿ ಯುರೋಪಿನ ಪೋಲ್ಕಾ, ವಾಲ್ಟ್ಸ್ ಹೆಜ್ಜೆ ಕಲಿತವರಿಗೆ ಅರ್ಧ ಕೆಲಸ ಮುಗಿದಂತೆ. ಇವರ ಹಿರಿಯರು ಎತ್ತಿನ ಗಾಡಿ ಕಟ್ಟಿಕೊಂಡು ಒಳನಾಡಿಗೆ ಹೋದ ಮಹಾವಲಸೆಯ ಶತಮಾನೋತ್ಸವ 1938ರಲ್ಲಿ ನಡೆಯಿತು. ಆ ಹೊತ್ತಿಗೆ ಇದು, ಮುಂದೆ ವರ್ಣಭೇದ ನೀತಿ ತಂದ ಆಫ್ರಿಕಾನರ್ ರಾಷ್ಟ್ರೀಯವಾದದ ಗುರುತೂ ಆಗಿತ್ತು. ಈ ನೆರಳು ಇದೆ ಅಂತ ತಿಳಿದುಕೊಂಡೇ ಹೋಗುವುದು ಒಳ್ಳೆಯದು.

ಹಂತ 2: ಕಾಲಿಗೆ ಏನು, ಮೈಗೆ ಏನು

ಬೇಕಾದ್ದು ಕಮ್ಮಿ. ಆದರೆ ಶೂ ಮಾತ್ರ ಸರಿಯಾಗಿರಬೇಕು.

ಓಡುವ ಶೂ ಬೇಡವೇ ಬೇಡ. ಅದರ ರಬ್ಬರ್ ತಳ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ನಡುವೆ ಮೊಣಕಾಲು ಸಿಕ್ಕಿ ನರಳುತ್ತದೆ. ಚರ್ಮದ ತಳದ, ಹಿಮ್ಮಡಿ ಹಿಡಿದುಕೊಳ್ಳುವ, ಚಪ್ಪಟೆ ಶೂ ಸಾಕು. ಇಲ್ಲಿನವರ ‘ಫೆಲ್‌ಸ್ಕುನ್’ ಅನ್ನುವ ಚರ್ಮದ ಶೂ ನೋಡಲು ಚೆಂದ, ಆದರೆ ಈಗ ಸಿಗುವವುಗಳಲ್ಲಿ ರಬ್ಬರ್ ತಳದವೇ ಜಾಸ್ತಿ. ಕೊಳ್ಳುವ ಮುಂಚೆ ಅಂಗಡಿಯ ನೆಲದ ಮೇಲೆ ಒಂದು ಸುತ್ತು ತಿರುಗಿ ನೋಡಿ. ಕಿರ್ ಅಂದರೆ ಬಿಟ್ಟುಬಿಡಿ.

ಕಾರ್ಯಕ್ರಮದ ದಿನ ಹೆಂಗಸರು ಪಾದದ ಗಂಟಿನವರೆಗಿನ ಅಗಲ ಘೇರಿನ ಉದ್ದ ಉಡುಪು ಹಾಕುತ್ತಾರೆ. ಗಂಡಸರು ಉದ್ದ ಪ್ಯಾಂಟು, ವೇಸ್ಟ್‌ಕೋಟು ಹಾಕುತ್ತಾರೆ. ಅಭ್ಯಾಸಕ್ಕೆ ಇದ್ಯಾವುದೂ ಬೇಡ. ಸೀರೆ ಮಾತ್ರ ಬೇಡ ಅಂತ ಕೈಮುಗಿದು ಹೇಳುತ್ತೇನೆ. ನೆರಿಗೆ ಪೋಲ್ಕಾಕ್ಕೆ ತಡೆಯುವುದಿಲ್ಲ. ಚೂಡಿದಾರ್ ಆಗಬಹುದು, ದುಪಟ್ಟಾ ಬ್ಯಾಗಿನಲ್ಲಿರಲಿ. ಉಂಗುರ, ಗಾಜಿನ ಬಳೆ ಬಿಚ್ಚಿಡಿ. ಒಂದು ಸಂಜೆಗೆ ನೂರು ಕೈ ಹಿಡಿಯುತ್ತೀರಿ, ಎದುರಿನವರ ಬೆರಳು ಗೀರಬಾರದು.

ನೀರಿನ ಬಾಟಲಿ, ಕರ್ಚೀಫು ಇಟ್ಟುಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ, ಸಂಜೆ ಹಾಲ್ ಐಸ್ ಪೆಟ್ಟಿಗೆ ಇದ್ದ ಹಾಗೆ. ಸ್ವೆಟರ್ ಹಾಕಿಕೊಂಡೇ ಐದು ನಿಮಿಷ ನಡೆದು ಮೀನಖಂಡ ಬಿಸಿ ಮಾಡಿಕೊಳ್ಳಿ.

ಹಂತ 3: ಹಾಡನ್ನು ಬಾಯಿಗೆ ತಂದುಕೊಳ್ಳಿ

ಗುಂಪಿನ ಮುಖ್ಯಸ್ಥರನ್ನು ‘ಮುಂದಿನ ಸಂಜೆ ಯಾವ ಎರಡು ಹಾಡು’ ಅಂತ ಕೇಳಿ, ಸಾಲುಗಳನ್ನು ಬರೆಸಿಕೊಂಡು ಬನ್ನಿ. ಎರಡು ಸಾಕು, ಹತ್ತು ಬೇಡ.

ಇನ್ನು ನಮಗಿರುವ ಅನುಕೂಲ. ಆಫ್ರಿಕಾನ್ಸ್ ಹಾಡನ್ನು ಇಂಗ್ಲಿಷ್ ಓದುವ ಹಾಗೆ ಓದಿದರೆ ನಾಲಗೆ ತಿರುಚುತ್ತದೆ. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಮುಕ್ಕಾಲು ಪಾಲು ಸಲೀಸು. ‘ರ’ ನಮ್ಮ ಹಾಗೇ ಉರುಳುತ್ತದೆ. ‘ಪ’, ‘ಕ’ ಉಸಿರು ಬಿಡದೆ ಬರುತ್ತವೆ. ‘ಟಿ’ ಅಕ್ಷರ ನಮ್ಮ ‘ತ’ಗೆ ಹತ್ತಿರ. ಬರೆದುಕೊಳ್ಳುವಾಗ ಇಷ್ಟು ನೆನಪಿರಲಿ:

- ‘ಜಿ’ ಅಂದರೆ ಗಂಟಲು ಕೆರೆದು ಬರುವ ಖ, ಉರ್ದು ಬಲ್ಲವರು ‘ಖಬರ್’ ಅನ್ನುವಾಗ ಬರುವಂಥದ್ದು.
- ‘ವಿ’ಗೆ ಫ, ‘ಡಬ್ಲ್ಯೂ’ಗೆ ವ.
- ‘ಜೆ’ಗೆ ಯ.
- ‘ಒ’ (o) ಮುಂದೆ ‘ಇ’ (e) ಬಂದರೆ ಉ.
- ಪದದ ಕೊನೆಯ ‘ಡಿ’ ತ ಆಗುತ್ತದೆ. ಕೈಗೆ ‘ಹಂತ್’ ಅಂತಾರೆ.

ಬರೆದಾದ ಮೇಲೆ ಕೂತುಕೊಂಡು ಹಾಡಿ. ಜೊತೆಗೆ ತೊಡೆ ತಟ್ಟಿ. ಕಾಲು ಆಡಿಸಬೇಡಿ. ಸಾಲು ಎಲ್ಲಿ ಮುಗಿಯುತ್ತದೆ, ಪಲ್ಲವಿ ಎಲ್ಲಿ ಬರುತ್ತದೆ ಅನ್ನುವುದಕ್ಕೆ ಕಾಗದದ ಮೇಲೆ ಗೆರೆ ಎಳೆಯಿರಿ. ಹೆಚ್ಚಿನ ಹಾಡುಗಳಲ್ಲಿ ವಿನ್ಯಾಸ ಬದಲಾಗುವುದು ಆ ಗೆರೆಯ ಮೇಲೇ.

ಅಡುಗೆ ಮಾಡುತ್ತಾ, ಈರುಳ್ಳಿ ಹೆಚ್ಚುತ್ತಾ, ಕಾಗದ ನೋಡದೆ ಎರಡು ಚರಣ ಬಂದರೆ ಈ ಹಂತ ಮುಗಿಯಿತು. ಚಾಕು ನಿಂತರೆ ಹಾಡು ಇನ್ನೂ ಹಸಿ ಅಂತ ಅರ್ಥ, ಇನ್ನೆರಡು ದಿನ ಕೊಡಿ.

ಹೆಜ್ಜೆ ಹೇಳಿಕೊಡುವವರು ಕೂಗುವ ಮಾತುಗಳೂ ಇರಲಿ. ‘ಲಿಂಕ್ಸ್’ ಎಡ, ‘ರೆಖ್ಸ್’ ಬಲ, ‘ಕ್ರಿಂಗ್’ ವೃತ್ತ, ‘ದ್ರಾಯ್’ ತಿರುಗು, ‘ತೆರಖ್’ ಹಿಂದಕ್ಕೆ. ‘ಮಾತ್’ ಅಂದರೆ ಜೊತೆಗಾರ. ತಾಳದ ಅಳತೆಗೂ ‘ಮಾತ್’ ಅಂತಲೇ ಅಂತಾರೆ. ಎರಡರಲ್ಲಿ ಯಾವುದನ್ನು ಕಳೆದುಕೊಂಡರೂ ಪರಿಸ್ಥಿತಿ ಒಂದೇ ಅಲ್ವಾ!

ಹಂತ 4: ಹಾಡಿಕೊಂಡು ಸುಮ್ನೆ ನಡೆಯಿರಿ

ಹೆಜ್ಜೆ ಕಲಿಯುವ ಮುಂಚೆ ನಡಿಗೆ. ಹಾಡನ್ನು ಹಾಡುತ್ತಾ ಕೋಣೆಯಲ್ಲಿ ಎಂಟು ಹೆಜ್ಜೆ ಮುಂದೆ, ಎಂಟು ಹಿಂದೆ. ಸಾಲು ಮುಗಿದಾಗ ಎಂಟೂ ಮುಗಿದಿರಬೇಕು. ಒಂಬತ್ತಾದರೆ ಹೆಜ್ಜೆ ಚುರುಕಾಯಿತು ಅಂತ. ಏಳಕ್ಕೇ ನಿಂತರೆ ಹಾಡು ಓಡಿತು ಅಂತ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಉಸಿರು ಹಿಡಿಯುವುದು. ಕಾಲಿನ ಮೇಲೆ ಗಮನ ಹೋದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಪ್ರತಿ ಸಾಲಿನ ಕೊನೆಗೆ ಉಸಿರು ತೆಗೆದುಕೊಳ್ಳುವ ರೂಢಿ ಈಗಲೇ ಮಾಡಿಕೊಳ್ಳಿ.

ಎತ್ತರದ ವಿಷಯವೂ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್. ಪ್ರಿಟೋರಿಯಾ ಸುಮಾರು 1,350, ಜೊಹಾನ್ಸ್‌ಬರ್ಗ್ 1,750ರ ಹತ್ತಿರ. ಮಂಗಳೂರಿನಿಂದ ಬಂದು ಮೊದಲ ವಾರವೇ ಹಾಡಿಕೊಂಡು ಕುಣಿಯಲು ಹೋದರೆ ಏದುಸಿರು ಬರುವುದು ನಿಮ್ಮ ವಯಸ್ಸಿನಿಂದ ಅಲ್ಲ. ಎರಡು ಮೂರು ವಾರ ನಡಿಗೆಯಲ್ಲೇ ಇರಿ.

ಹಂತ 5: ಇಲ್ಲಿ ಸುತ್ತುವುದು ಅಪ್ರದಕ್ಷಿಣೆ

ದೇವಸ್ಥಾನದಲ್ಲಿ ಸುತ್ತಿ ಸುತ್ತಿ ನಮ್ಮ ಕಾಲಿಗೆ ಒಂದು ದಿಕ್ಕು ರೂಢಿಯಾಗಿದೆ. ಬಲಭುಜ ಒಳಗೆ, ಎಡಭುಜ ಹೊರಗೆ. ಇಲ್ಲಿ ಜೋಡಿಗಳು ಸಾಮಾನ್ಯವಾಗಿ ತಿರುಗುವುದು ಅದಕ್ಕೆ ಉಲ್ಟಾ. ಎಡಭುಜ ವೃತ್ತದ ನಡುವಿಗೆ ಇರಬೇಕು. ‘ಹೋಗಿ’ ಅಂದ ಕೂಡಲೇ ನಮ್ಮವರು ಪ್ರದಕ್ಷಿಣೆಯ ಕಡೆ ಹೆಜ್ಜೆ ಹಾಕಿ ಹಿಂದಿನ ಜೋಡಿಗೆ ಡಿಕ್ಕಿ ಹೊಡೆಯುವುದನ್ನು ನೋಡಿದ್ದೇನೆ. ನಾನೂ ಹೊಡೆದಿದ್ದೇನೆ.

ಜೋಡಿಯಲ್ಲಿ ಗಂಡಸು ಒಳಗಡೆ, ಹೆಂಗಸು ಅವನ ಬಲಕ್ಕೆ. ನಡುವಿಗೆ ಮುಖ ಮಾಡಿ ದೊಡ್ಡ ವೃತ್ತವಾಗಿ ನಿಂತರೂ ಹೆಂಗಸು ಬಲಕ್ಕೇ. ಈ ಒಂದು ನಿಯಮ ಗೊತ್ತಿದ್ದರೆ ಹಾಡಿನ ನಡುವೆ ಕಳೆದುಹೋದರೂ ನಿಮ್ಮ ಜಾಗ ಸಿಗುತ್ತದೆ. ಗಂಡಸರು ಕಮ್ಮಿ ಇದ್ದರೆ ಇಬ್ಬರು ಹೆಂಗಸರು ಜೋಡಿಯಾಗಬಹುದು. ಆಗ ಒಬ್ಬರ ಕೈಗೆ ಕರ್ಚೀಫು ಕಟ್ಟಿ ‘ಇವರು ಒಳಗಿನವರು’ ಅಂತ ಗುರುತು ಮಾಡಿ. ಇಲ್ಲದಿದ್ದರೆ ಎಂಟನೇ ಹಂತದಲ್ಲಿ ಬರುವ ಸರಪಳಿಯಲ್ಲಿ ಇಬ್ಬರೂ ಒಂದೇ ದಿಕ್ಕಿಗೆ ಹೋಗಿಬಿಡುತ್ತಾರೆ.

ಹಂತ 6: ಹೆಜ್ಜೆಗಳು

ಒನ್ ಟೂ ತ್ರೀ ಅಂತ ಎಣಿಸಬೇಡಿ. ನಮ್ಮ ಜತಿಗಳೇ ಇಲ್ಲಿ ಚೆನ್ನಾಗಿ ಕೂರುತ್ತವೆ.

ಜಿಗಿ ನಡಿಗೆ ಸುಲಭ. ಒಂದು ಹೆಜ್ಜೆ, ಅದೇ ಕಾಲಿನಲ್ಲಿ ಸಣ್ಣ ಕುಪ್ಪಳಿಕೆ. ಆಮೇಲೆ ಇನ್ನೊಂದು ಕಾಲು. ಸ್ಕೂಲು ಬಿಟ್ಟ ಮಕ್ಕಳು ಹೋಗುತ್ತಾರಲ್ಲ, ಹಾಗೆ.

‘ಸೆತೀಸ್’ನಲ್ಲಿ ಮೂರು ಹೆಜ್ಜೆ, ಒಂದು ಕುಪ್ಪಳಿಕೆ. ತ ಕ ಧಿ ಮಿ. ತ ಎಡ, ಕ ಬಲ, ಧಿ ಎಡ, ಮಿ ಬಂದಾಗ ಎಡಗಾಲಿನ ಮೇಲೇ ಕುಪ್ಪಳಿಸಬೇಕು. ಮುಂದಿನ ತ ಬಲದಿಂದ. ತಪ್ಪಾಗುವುದು ಮಿ ಮೇಲೆ. ಕುಪ್ಪಳಿಸಿ ಬಲಗಾಲಿನ ಮೇಲೆ ಇಳಿದುಬಿಡುತ್ತಾರೆ. ಆಗ ಮುಂದಿನ ಸುತ್ತೂ ಎಡದಿಂದಲೇ ಶುರುವಾಗಿ ಜೊತೆಗಾರರ ಕಾಲು ತುಳಿಯುತ್ತೀರಿ. ಪರೀಕ್ಷೆ ಹೀಗೆ ಮಾಡಿ: ಮಿ ಹೇಳುವಾಗ ತಟ್ಟನೆ ನಿಲ್ಲಿ. ಒಂದೇ ಕಾಲಿನ ಮೇಲೆ ನಿಂತಿದ್ದು, ಆ ಕಾಲು ಈಗಷ್ಟೇ ಧಿ ಹಾಕಿದ್ದೇ ಆಗಿದ್ದರೆ ಸರಿ.

ವಾಲ್ಟ್ಸ್‌ಗೆ ತಕಿಟ ತಕಿಟ. ತ ಮೇಲೆ ಸ್ವಲ್ಪ ಭಾರ, ಕಿ ಟ ಹಗುರ. ಮೊದಲ ತಕಿಟ ಎಡದಿಂದ ಆದರೆ ಎರಡನೆಯದು ಬಲದಿಂದ. ಪ್ರತಿ ಸಲ ಎಡದಿಂದಲೇ ಶುರುವಾಗುತ್ತಿದೆಯಾ? ಹಾಗಾದರೆ ಟ ಬಂದಾಗ ನೀವು ಪಾದ ಮುಟ್ಟಿಸುತ್ತಿದ್ದೀರಿ, ಮೈಭಾರ ಹಾಕುತ್ತಿಲ್ಲ.

ಪೋಲ್ಕಾ ಹೆಚ್ಚು ಜನರನ್ನು ಸೋಲಿಸುವ ಹೆಜ್ಜೆ. ಇದನ್ನು ನೇರವಾಗಿ ಕಲಿಯಲು ಹೋಗಬೇಡಿ. ಈ ದಾರಿ ಹಿಡಿಯಿರಿ:

1. ಎಡಕ್ಕೆ ಪಕ್ಕಹೆಜ್ಜೆಯಲ್ಲಿ ಜಾರುತ್ತಾ ಓಡಿ. ಎಡಗಾಲು ಹೋಗುತ್ತದೆ, ಬಲಗಾಲು ಬಂದು ಸೇರುತ್ತದೆ. ಎಂಟು ಸಲ. ನಂತರ ಸಣ್ಣಗೆ ಹಾರಿ ಅರ್ಧ ಸುತ್ತು ತಿರುಗಿ, ಬಲಗಾಲು ಮುಂದೆ ಮಾಡಿ, ಅದೇ ದಿಕ್ಕಿಗೆ ಎಂಟು.
2. ಇದು ಸಲೀಸಾದ ಮೇಲೆ ನಾಲ್ಕು, ನಾಲ್ಕು.
3. ಆಮೇಲೆ ಎರಡು, ಎರಡು. ಪೋಲ್ಕಾ ಅಂದರೆ ಇಷ್ಟೇ. ತಿರುಗುವ ಆ ಸಣ್ಣ ಹಾರಿಕೆಯೇ ಪೋಲ್ಕಾದ ಕುಪ್ಪಳಿಕೆ.

ಎಂಟರಿಂದ ಎರಡಕ್ಕೆ ಒಂದೇ ಸಂಜೆಯಲ್ಲಿ ಹಾರಿದರೆ ಕಾಲು ಗಂಟಾಗುತ್ತದೆ. ನಾಲ್ಕರಲ್ಲಿ ಒಂದು ವಾರ ಇರಿ. ಹಾರಿಕೆ ಎತ್ತರ ಬೇಡ, ಹಿಮ್ಮಡಿ ನೆಲ ಬಿಟ್ಟರೆ ಸಾಕು. ಸಿಮೆಂಟ್ ನೆಲ, ಟೈಲ್ಸ್ ಮೇಲೆ ಈ ಅಭ್ಯಾಸ ಬೇಡ. ಮರದ ನೆಲ ಅಥವಾ ಗಟ್ಟಿ ಹುಲ್ಲುನೆಲ ಇರಲಿ.

ಹಂತ 7: ನಿಂತಲ್ಲೇ ಸುತ್ತು

ಟಿಕಿ ಅಂದರೆ ಹಳೆಯ ಮೂರು ಪೆನ್ಸ್ ನಾಣ್ಯ, ಗಾತ್ರದಲ್ಲಿ ಚಿಕ್ಕದು. ಆ ನಾಣ್ಯದಷ್ಟು ಜಾಗದಲ್ಲಿ ಜೋಡಿಯಾಗಿ ಗಿರಗಿರ ತಿರುಗುವುದೇ ‘ಟಿಕಿದ್ರಾಯ್’. ಉತ್ತರ ಕರ್ನಾಟಕದಲ್ಲಿ ಫುಗಡಿ ಆಡಿ ಬೆಳೆದವರಿಗೆ ಇದರ ಗುಟ್ಟು ಗೊತ್ತಿದೆ: ಪಾದ ಹತ್ತಿರ, ಮೈ ದೂರ.

ಇಬ್ಬರ ಬಲಪಾದದ ಹೊರ ಅಂಚು ಪಕ್ಕಪಕ್ಕ ಬರಲಿ. ಎಡಗಾಲಿನಿಂದ ಮಕ್ಕಳು ಸ್ಕೂಟರ್ ನೂಕುವ ಹಾಗೆ ನೂಕಿ. ಬಲಪಾದ ನಡುವೆ ಗೂಟದಂತೆ ಇದ್ದು, ಸ್ವಲ್ಪ ಸ್ವಲ್ಪವೇ ಎತ್ತಿ ಇಡುತ್ತಾ ತಿರುಗಬೇಕು. ಬೆನ್ನು ನೆಟ್ಟಗೆ ಇಟ್ಟುಕೊಂಡು ಸ್ವಲ್ಪ ಹಿಂದಕ್ಕೆ ವಾಲಿ. ಇಬ್ಬರೂ ಒಂದೇ ಅಳತೆಗೆ ವಾಲಬೇಕು. ಒಬ್ಬರು ಜೋತುಬಿದ್ದರೆ ಇನ್ನೊಬ್ಬರ ಭುಜ ಹೋಯಿತು.

ತಲೆ ಸುತ್ತದಿರಲು ಜೊತೆಗಾರರ ಹಣೆ ಅಥವಾ ಕಿವಿಯನ್ನು ನೋಡಿ. ಗೋಡೆ ನೋಡಬೇಡಿ, ನೆಲವನ್ನಂತೂ ನೋಡಲೇಬೇಡಿ. ಹೆಬ್ಬೆರಳಿನಿಂದ ಎದುರಿನವರ ಕೈಯನ್ನು ಅಮುಕಬೇಡಿ. ಬೆರಳನ್ನು ಕೊಕ್ಕೆಯ ಹಾಗೆ ಬಾಗಿಸಿದರೆ ಸಾಕು. ಅಮುಕಿದರೆ ಜಾರಿದಾಗ ಬಿಡಿಸಿಕೊಳ್ಳಲು ಆಗುವುದಿಲ್ಲ.

ಹಂತ 8: ಸರಪಳಿ

ಈ ಬರಹ ಬರೆದದ್ದೇ ಇದಕ್ಕಾಗಿ. ಸರಪಳಿಯಲ್ಲಿ ಗಂಡಸರು ಒಂದು ದಿಕ್ಕಿಗೆ, ಹೆಂಗಸರು ಎದುರು ದಿಕ್ಕಿಗೆ, ಬಲಗೈ ಎಡಗೈ ಬದಲಿಸಿ ಕೊಡುತ್ತಾ, ಒಬ್ಬರನ್ನೊಬ್ಬರು ದಾಟಿಕೊಂಡು ಹೋಗುತ್ತಾರೆ. ಜಡೆ ಕೋಲಾಟದಲ್ಲಿ ಹಗ್ಗ ಹೆಣೆಯುವಾಗ ಒಳಗೆ ಹೊರಗೆ ಹಾಯುತ್ತಾರಲ್ಲ, ಕಾಲಿನ ದಾರಿ ಅದೇ. ಹಗ್ಗದ ಬದಲು ಇಲ್ಲಿ ಕೈ.

ಕ್ರಮ ಹೀಗಿದೆ. ನಿಮ್ಮ ಜೊತೆಗಾರರಿಗೆ ಎದುರಾಗಿ ನಿಲ್ಲಿ. ಬಲಗೈಗೆ ಬಲಗೈ ಕೊಡಿ. ಬಲಭುಜದ ಪಕ್ಕದಿಂದ ದಾಟಿ, ಕೈ ಬಿಡಿ. ಎದುರಿಗೆ ಬಂದವರಿಗೆ ಎಡಗೈ ಕೊಟ್ಟು, ಎಡಭುಜದ ಪಕ್ಕದಿಂದ ದಾಟಿ. ಮತ್ತೆ ಬಲ, ಮತ್ತೆ ಎಡ. ಗಂಡಸರು ಅಪ್ರದಕ್ಷಿಣೆಯಾಗಿ ಹೋಗುತ್ತಾರೆ, ಹಾಗಾಗಿ ಬಲಗೈ ಕೊಟ್ಟಾಗ ವೃತ್ತದ ಒಳಗಡೆಯಿಂದ, ಎಡಗೈ ಕೊಟ್ಟಾಗ ಹೊರಗಡೆಯಿಂದ ಹಾಯುತ್ತಾರೆ. ಹೆಂಗಸರಿಗೆ ಉಲ್ಟಾ.

ಮನೆಯಲ್ಲಿ ಕುರ್ಚಿ ಇಟ್ಟು ಕಲಿಯಿರಿ. ಊಟದ ಮೇಜಿನ ಆರು ಕುರ್ಚಿಯನ್ನು ವೃತ್ತವಾಗಿ, ಒಂದರಿಂದ ಒಂದಕ್ಕೆ ಎರಡು ಹೆಜ್ಜೆ ಅಂತರದಲ್ಲಿ ಇಡಿ. ಮೊದಲ ಕುರ್ಚಿಯ ಬೆನ್ನನ್ನು ಬಲಗೈಯಲ್ಲಿ ಮುಟ್ಟಿ ದಾಟಿ, ಎರಡನೆಯದನ್ನು ಎಡಗೈಯಲ್ಲಿ. ನಾನು ಮಾಡುವಾಗ ನಾಲ್ಕನೇ ಕುರ್ಚಿಯ ಹತ್ತಿರ ಎರಡೂ ಕೈ ಒಟ್ಟಿಗೆ ಮೇಲೆದ್ದು ನಿಲ್ಲುತ್ತಿದ್ದವು. ಯಾಕೆ ಅಂತ ಆಮೇಲೆ ತಿಳಿಯಿತು. ಬಿಟ್ಟ ಕೈ ಕೆಳಗಿಳಿಯುವ ಮುಂಚೆ ಮುಂದಿನ ಕೈ ಚಾಚಿರಬೇಕು. ನಾನು ಒಂದನ್ನು ಪೂರ್ತಿ ಮುಗಿಸಿ ಇನ್ನೊಂದರ ಬಗ್ಗೆ ಯೋಚಿಸುತ್ತಿದ್ದೆ. ಕಣ್ಣು ಈಗಿನ ಕುರ್ಚಿಯ ಮೇಲಲ್ಲ, ಮುಂದಿನ ಕುರ್ಚಿಯ ಮೇಲಿರಲಿ.

ಎಣಿಕೆಯೂ ಸಹಾಯಕ್ಕೆ ಬರುತ್ತದೆ. ಪೂರ್ತಿ ಸರಪಳಿಯಲ್ಲಿ ಎಂಟು ಜೋಡಿ ಇದ್ದರೆ, ನಿಮ್ಮ ಜೊತೆಗಾರರ ಕೈ ಒಂದು ಅಂತ ಎಣಿಸಿ, ಒಂಬತ್ತನೇ ಕೈ ಮತ್ತೆ ಅವರದೇ, ಅದೂ ಬಲಗೈಗೆ. ಜೋಡಿಗಳ ಸಂಖ್ಯೆ ಸಮ ಇದ್ದರೆ ಬಲಗೈಗೆ ಸಿಗುತ್ತಾರೆ, ಬೆಸ ಇದ್ದರೆ ಎಡಗೈಗೆ. ಆರು ಜೋಡಿ ಇದ್ದು ಜೊತೆಗಾರರು ಎಡಗೈಗೆ ಬಂದರೆ ಯಾರದೋ ಲೆಕ್ಕ ತಪ್ಪಿದೆ. ಹೊಸ ಜೊತೆಗಾರರ ಹತ್ತಿರ ನಿಲ್ಲುವ ಕುಣಿತಗಳೂ ಇವೆ. ಎಷ್ಟನೇ ಕೈಗೆ ನಿಲ್ಲಬೇಕು ಅಂತ ಶುರುವಾಗುವ ಮುಂಚೆಯೇ ಕೇಳಿಕೊಳ್ಳಿ.

ತಪ್ಪಿದರೆ ಏನು ಮಾಡಬೇಕು? ನಿಲ್ಲಬೇಡಿ, ಹಿಂದಕ್ಕಂತೂ ತಿರುಗಬೇಡಿ. ಒಂದು ಕೈ ತಪ್ಪಿದರೆ ಕೈ ಕೊಡದೇ ಅವರನ್ನು ದಾಟಿ, ಮುಂದಿನವರು ಯಾವ ಕೈ ಚಾಚಿದ್ದಾರೋ ಅದನ್ನೇ ಹಿಡಿಯಿರಿ. ಪೂರ್ತಿ ಕಳೆದುಹೋದರೆ ಹಾಡುತ್ತಲೇ ಇರಿ. ಸಾಲು ಮುಗಿದಾಗ ಎಲ್ಲರೂ ನಿಲ್ಲುತ್ತಾರೆ. ಯಾರ ಬಲಗಡೆ ಖಾಲಿ ಇದೆ, ಅಥವಾ ಎಡಗಡೆ, ಅಂತ ನೋಡಿ ಅಲ್ಲಿ ಹೋಗಿ ನಿಲ್ಲಿ. ಐದನೇ ಹಂತದ ನಿಯಮ ಉಪಯೋಗಕ್ಕೆ ಬರುವುದು ಇಲ್ಲಿ.

ಕೈ ಎಳೆಯುವುದು ಇನ್ನೊಂದು ಕಾಯಿಲೆ. ವೇಗ ಬೇಕು ಅಂತ ಎದುರಿನವರನ್ನು ಸೆಳೆದು ಹಿಂದಕ್ಕೆ ಎಸೆಯುತ್ತಾರೆ. ಗುಂಪಿನಲ್ಲಿ ಎಪ್ಪತ್ತು ದಾಟಿದವರೂ ಇರುತ್ತಾರೆ. ಕೈ ಎದೆಮಟ್ಟದಲ್ಲಿ ಸಿಗಲಿ, ಮೊಣಕೈ ಸ್ವಲ್ಪ ಬಾಗಿರಲಿ.

ಯಾವಾಗ ನಿಲ್ಲಿಸಬೇಕು

ಮೀನಖಂಡದಲ್ಲಿ ಚಳಕು ಬಂದರೆ, ತಿರುಗುವಾಗ ಮೊಣಕಾಲಿನ ಒಳಭಾಗ ಚುಚ್ಚಿದರೆ, ಒಂದು ಸಾಲನ್ನು ಪೂರ್ತಿ ಹಾಡಲು ಉಸಿರು ಸಾಲದಿದ್ದರೆ ಪಕ್ಕಕ್ಕೆ ಬನ್ನಿ. ಎದೆ ಹಿಡಿದಂತಾದರೆ ಕೂತುಬಿಡಿ, ಪಕ್ಕದವರಿಗೆ ಹೇಳಿ, ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ. ಬಯಲಿನಲ್ಲಿ ಆಡುತ್ತಿದ್ದರೆ ಆಕಾಶದ ಮೇಲೂ ಕಣ್ಣಿರಲಿ. ಈ ಕಡೆ ಬೇಸಿಗೆಯ ಮಧ್ಯಾಹ್ನ ಗುಡುಗು ಮಳೆ ಹೇಳದೆ ಕೇಳದೆ ಬರುತ್ತದೆ. ಗುಡುಗು ಕೇಳಿಸಿದರೆ ಹಾಡು ಅರ್ಧಕ್ಕೇ ಬಿಟ್ಟು ಒಳಗೆ ಹೋಗಿ.

ಹಂತ 9: ಹಾಲ್‌ನಲ್ಲಿ ಮೊದಲ ಸಂಜೆ

ವಯಸ್ಸಾದ ಗಂಡಸರಿಗೆ ‘ಓಮ್’, ಹೆಂಗಸರಿಗೆ ‘ತಾನಿ’ ಅನ್ನಿ. ನಾವು ಮಾವ, ಅತ್ತೆ ಅಂತ ಸಂಬಂಧ ಇಲ್ಲದವರನ್ನೂ ಕರೆಯುತ್ತೇವಲ್ಲ, ಹಾಗೇ. ಬರೀ ಹೆಸರು ಹಿಡಿದು ಕರೆದರೆ ಯಾರೂ ಬೈಯುವುದಿಲ್ಲ, ಆದರೆ ‘ತಾನಿ’ ಅಂದ ಕೂಡಲೇ ಮುಖ ಅರಳುವುದನ್ನು ನೀವೇ ನೋಡುತ್ತೀರಿ. ಆಮೇಲೆ ಅವರೇ ನಿಮ್ಮ ಕೈ ಹಿಡಿದು ಸರಪಳಿಯಲ್ಲಿ ನೂಕಿಕೊಂಡು ಹೋಗುತ್ತಾರೆ.

ಮೊದಲ ಹಾಡನ್ನು ಬದಿಯಲ್ಲಿ ನಿಂತು ಹಾಡಿ, ಕುಣಿಯಬೇಡಿ. ಎರಡನೆಯದಕ್ಕೆ ಸೇರಿ. ನಿಮ್ಮಷ್ಟೇ ಹೊಸಬರಾದ ಸ್ನೇಹಿತರನ್ನು ಜೋಡಿ ಮಾಡಿಕೊಳ್ಳಬೇಡಿ. ಗಂಡ ಹೆಂಡತಿ ಒಟ್ಟಿಗೆ ಕಲಿಯಲು ಬಂದಿದ್ದರೆ ಬೇರೆ ಬೇರೆ ನಿಲ್ಲಿ. ‘ನೀನೇ ತಪ್ಪು ಹಾಕಿದ್ದು’ ಅನ್ನುವ ಜಗಳ ಉಳಿಯುತ್ತದೆ.

ಇನ್ನು ತಿಂಡಿ. ಮೇಜಿನ ಮೇಲೆ ‘ಕುಕ್‌ಸಿಸ್ತರ್’ ಇಟ್ಟಿರುತ್ತಾರೆ. ಹಿಟ್ಟನ್ನು ಜಡೆಯ ಹಾಗೆ ಹೆಣೆದು, ಕರಿದು, ತಣ್ಣಗಿನ ಸಕ್ಕರೆ ಪಾಕದಲ್ಲಿ ಅದ್ದಿದ್ದು. ಜಿಲೇಬಿ ಇಷ್ಟಪಡುವವರು ಒಂದಕ್ಕೆ ನಿಲ್ಲಿಸುವುದಿಲ್ಲ. ನಾನೂ ನಿಲ್ಲಿಸಿರಲಿಲ್ಲ. ಮುಂದಿನ ಸರಪಳಿಯಲ್ಲಿ ನನ್ನ ಪಾಕದ ಕೈ ಹದಿನಾಲ್ಕು ಜನರನ್ನು ದಾಟಿ ಹೋಯಿತು. ಯಾರೂ ಏನೂ ಅನ್ನಲಿಲ್ಲ. ಹಾಡು ಮುಗಿದ ಮೇಲೆ ಎಲ್ಲರೂ ಸಾಲಾಗಿ ನಲ್ಲಿಯ ಹತ್ತಿರ ಹೋದರು. ತಿನ್ನುವುದಿದ್ದರೆ ಕೊನೆಯ ಹಾಡಾದ ಮೇಲೆ ತಿನ್ನಿ.